ಕೆಂಗಟ್ಟದ ನೀರಹಾದಿ

"ಶುಕ್ರವಾರ ಮುಂಜಾನಿ ನಕ್ಷಾ ಹೈದರಾಬಾದಿಗೆ ಹೋಗ್ತದ. ಅಷ್ಟರಾಗ ಮ್ಯಾಲ ಕೆಂಗಟ್ಟ ಅನ್ನೋ ಊರಿತ್ತಂತ ಬರಹದ ಪುರಾವಾ ತರ್ರಿ. ಇಲ್ಲಾಂದ್ರ ಗುಡ್ಡ ಪೂರಾ ಜಂಗಲ್ ಅಂತ ಬರೀಬೇಕಾಗ್ತದ."

ಸಿರ್ಗಾಪುರದ ಚಾವಡಿಯಲ್ಲಿ ಕಂದಾಯದ ಗಿರ್ದಾವರ್ ಸಾಹೇಬರು ಹೀಗಂದದ್ದು ಬುಧವಾರ. ಸಾವಿರದ ಮುನ್ನೂರ ನಲವತ್ತೈದನೇ ಫಸಲಿ ವರ್ಷ ನಡೆದಿತ್ತು. ನಿಜಾಮ ಸರ್ಕಾರದ ಅಳತೆಯವರು ಊರೂರು ತಿರುಗಿ ಹೊಸ ನಕ್ಷೆ ಬರೆಯುತ್ತಿದ್ದರು. ಗುಡ್ಡದ ಮೇಲಿನ ಕೆಂಗಟ್ಟ ಪ್ಲೇಗಿನ ವರ್ಷ ಖಾಲಿಯಾದ ಊರು. ಮೂವತ್ತೇಳು ವರ್ಷದಿಂದ ಅಲ್ಲಿ ಒಲೆ ಉರಿದಿಲ್ಲ. ಅಂಥ ಊರನ್ನು ‘ಬೇಚಿರಾಗ್’, ಅಂದರೆ ದೀಪವಿಲ್ಲದ ಊರು, ಎಂದು ಬರೆದರೆ ಹೆಸರು, ಗಡಿ, ದನ ಮೇಯಿಸುವ ಹಕ್ಕು ಉಳಿಯುತ್ತಿದ್ದವು. ಜಂಗಲ್ ಎಂದಾದರೆ ಶಿಕಾರಿಯವರಿಗಷ್ಟೇ ದಾರಿ.

ಹೆಂಗಸರ ನಡುವಿನಿಂದ ಸುಗಲಾಬಾಯಿ ಎದ್ದಳು. ಊರು ಬಿಟ್ಟಾಗ ಅವಳಿಗೆ ಹದಿನೈದು, ಈಗ ಐವತ್ತೆರಡು.

"ಗವಿಯೊಳಗಿನ ಬುಗ್ಗಿ ಹಂತ್ಯಾಕ ಅಕ್ಷರದ ಕಲ್ಲದರಿ. ನಾ ಕಂಡೀನಿ. ತೋರಸ್ತೀನಿ."

ಗುರುವಾರ ಬೆಳಕು ಹರಿಯುವಷ್ಟರಲ್ಲಿ ಮೂವರು ಹೊರಟರು. ಹಳೆಗನ್ನಡ ಓದಬಲ್ಲ ನಾರಾಯಣಖೇಡದ ಶಾಲಾ ಮಾಸ್ತರು ಶಿವಶಂಕರಪ್ಪನವರ ಹೆಗಲ ಚೀಲದಲ್ಲಿ ಕಾಗದ, ಇದ್ದಿಲು. ತಾಂಡೂರಿನ ಕಲ್ಲಿನ ಖಣಿಯಲ್ಲಿ ದುಡಿದು ಬಂದ ಪೋಚಪ್ಪನ ಸೊಂಟಕ್ಕೆ ಸುತ್ತಿಗೆ, ಉಳಿ, ತೋಳಿಗೆ ಸುತ್ತಿದ ಹಗ್ಗ. ಸುಗಲಾಬಾಯಿ ಸೀರೆಯ ಕಚ್ಚೆ ಬಿಗಿದು ಮುಂದೆ ನಡೆದಳು.

ಎರೆ ಹೊಲಗಳು ಮುಗಿದದ್ದೇ ನೆಲದ ಬಣ್ಣ ಬದಲಾಯಿತು. ಕರಿ ಮಣ್ಣಿನಿಂದ ಕೆಂಪು ಮೊರಂ ಜಲ್ಲಿನೆಲ ಎದ್ದು, ಮುತ್ತುಗ, ಕಾರೆ, ಸೀತಾಫಲದ ಪೊದೆಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತ್ತು. ನೆತ್ತಿ ಮಾತ್ರ ಜೋಳದ ರೊಟ್ಟಿಯಂತೆ ಸಪಾಟು. ಹಿಂದೆಂದೋ ಕುದುರೆ ದಂಡಿಗೆ ಹೆದರಿ ಓಡಿಬಂದ ಒಕ್ಕಲು ಈ ಗುಡ್ಡ ಏರಿ, ನೀರು ಕಂಡು ಅಲ್ಲೇ ನಿಂತವಂತೆ. ಗುಡ್ಡದ ಕೆಂಪು ಕಲ್ಲು ನೆಲದಲ್ಲಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಅದರಿಂದಲೇ ಮನೆ ಕಟ್ಟಿದರು, ಕಡಿದ ಕುಳಿಗಳಲ್ಲಿ ಮಳೆನೀರು ಹಿಡಿದು ದನಕ್ಕೆ ಕುಡಿಸಿದರು. ಸುಗಲಾಬಾಯಿಗೆ ಇದನ್ನೆಲ್ಲ ಹೇಳಿದವಳು ಅವಳ ಆಯಿ, ಅಂದರೆ ಅಜ್ಜಿ, ಈರಮ್ಮ, ಬೀಸುಕಲ್ಲಿನ ಮುಂದೆ ಕೂತು.

ಅರ್ಧ ಗುಡ್ಡಕ್ಕೆ ದಾರಿ ಕಡಿದುಹೋಯಿತು. ಹಳೆಯ ಮೆಟ್ಟಿಲುಗಳನ್ನು ಮಳೆ ಕೊಚ್ಚಿಕೊಂಡು ಹೋಗಿ, ಎರಡಾಳೆತ್ತರದ ಕೆಂಪು ಗೋಡೆ ಎದುರು ನಿಂತಿತ್ತು.

"ಇಲ್ಲಿಂದ ಏರಾಕ ಆಗಲ್ಲ ಆಯಿ. ಮ್ಯಾಲ ಹಗ್ಗ ಕಟ್ಟಾಕ ಯಾರರ ಇರಬೇಕಲ್ಲ?" ಅಂದ ಪೋಚಪ್ಪ.

ಸುಗಲಾಬಾಯಿ ಕಣ್ಣು ಕಿರಿದು ಮಾಡಿ ಎಡಕ್ಕೆ ನೋಡಿದಳು. "ನೀರಹಾದಿ ಅದ. ಕೊಡ ಹೊತ್ತು ನಾವು ಹುಡುಗ್ಯಾರು ಅದರಾಗೇ ಓಡಾಡತಿದ್ವಿ. ಬರ್ರಿ ಮಾಸ್ತರ."

ಬಿಲ್ವದ ಪೊದೆಯ ಹಿಂದೆ ಬಂಡೆಯೊಂದು ಸೀಳಿತ್ತು. ಒಬ್ಬರು ಅಡ್ಡವಾಗಿ ನುಸುಳುವಷ್ಟೇ ಜಾಗ. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಗಬ್ಬು ವಾಸನೆ ಬಡಿಯಿತು.

"ಕರಡಿ!" ಪೋಚಪ್ಪ ಪಿಸುಗುಟ್ಟಿದ.

ಮೇಲಿನಿಂದ ಕಲ್ಲು ಉರುಳಿತು. ಕಪ್ಪು ಮೈ ಸೀಳನ್ನು ತುಂಬಿಕೊಂಡು ಇಳಿಯತೊಡಗಿತು. ತಿರುಗಿ ಓಡಲು ಜಾಗವಿಲ್ಲ.

"ಗ್ವಾಡಿಯಾಗ ಗೂಡದ, ಒಳಗ ಸರೀರಿ!" ಸುಗಲಾಬಾಯಿ ಇಬ್ಬರನ್ನೂ ದಬ್ಬಿದಳು. ಕೊಡ ಇಳಿಸಿ ಉಸಿರು ತೆಗೆದುಕೊಳ್ಳಲೆಂದು ಹಿರಿಯರು ಕಡಿದಿಟ್ಟ ಗೂಡು ಅದು. ಮೂವರೂ ಒಬ್ಬರಿಗೊಬ್ಬರು ಅಂಟಿ ನಿಂತರು. ಪೋಚಪ್ಪ ಉಳಿಗೆ ಸುತ್ತಿಗೆ ಬಾರಿಸಿದ. ಠಣ್! ಠಣ್! ಸೀಳೆಲ್ಲ ಗುಂಯ್‌ಗುಟ್ಟಿತು. ಬೆದರಿದ ಕರಡಿ ಅವರ ಮೊಣಕಾಲು ಸವರಿಕೊಂಡು ಕೆಳಗೆ ನುಗ್ಗಿಹೋಯಿತು. ಮಾಸ್ತರರ ಧೋತರದ ಅಂಚು ಅದರ ಜೊತೆಗೇ ಹೋಯಿತು.

"ಜೀವ ಉಳೀತು," ಅಂದರು ಅವರು, ಉಳಿದ ಧೋತರ ಬಿಗಿದುಕೊಳ್ಳುತ್ತ.

ಮೇಲೆ ಬಂದಾಗ ಬಿಸಿಲೇರಿತ್ತು. ಊರು ಅಲ್ಲೇ ಇತ್ತು. ಸೂರಿಲ್ಲ, ಬಾಗಿಲಿಲ್ಲ, ಕೆಂಪು ಗೋಡೆಗಳು ಮಾತ್ರ, ಒಳಗೆ ಮೊಳಕಾಲೆತ್ತರ ಹುಲ್ಲು. ಉತ್ತರಕ್ಕೆ ದೂರದಲ್ಲಿ ಮಂಜೀರಾ ಹೊಳೆ ಬೆಳ್ಳಗೆ ಹೊಳೆಯುತ್ತಿತ್ತು. ಸುಗಲಾಬಾಯಿ ಓಣಿಯಲ್ಲಿ ಮೆಲ್ಲಗೆ ನಡೆದಳು. ಒಂದು ಹೊಸ್ತಿಲ ಮುಂದೆ ನಿಂತಳು. ಒಳಗೆ ನೆಲದಲ್ಲಿ ಹೂತ ಒರಳು ಹಾಗೇ ಇತ್ತು. ಅವಳು ಕೂತು ಅದರೊಳಗಿನ ಒಣಗಿದ ಎಲೆಗಳನ್ನು ಕೈಯಿಂದ ಬಳಿದು ತೆಗೆದಳು; ಸೆರಗಿನಿಂದ ಒರೆಸಿದಳು. ಪ್ಲೇಗು ಬಂದ ದಿನ ಅವ್ವ ಇದರಲ್ಲಿ ಖಾರ ಕುಟ್ಟುತ್ತಿದ್ದಳು. ಅರ್ಧಕ್ಕೇ ಬಿಟ್ಟು ಎದ್ದಿದ್ದಳು.

ಇಬ್ಬರೂ ಅವಸರ ಮಾಡಲಿಲ್ಲ. ಅವಳೇ ಎದ್ದಳು. "ನಡೀರಿ, ಪಡುವಣಕ್ಕ ಮೋಡ ಕಟ್ಯದ, ಮಳಿ ಬರ್ತದ."

ಗವಿಯೊಳಗೆ ಬುಗ್ಗೆ ಇನ್ನೂ ಜುಳುಜುಳು ಅನ್ನುತ್ತಿತ್ತು. ಪೋಚಪ್ಪ ಪಾಚಿ ಕೆರೆದ, ಅಕ್ಷರಗಳು ಎದ್ದವು. ಮಾಸ್ತರು ಬೆರಳಿಟ್ಟು ಓದಿದರು: "ಕೆಂಗಟ್ಟದ ಒಕ್ಕಲೆಲ್ಲ ಕೂಡಿ... ಈ ನೀರಂ ಕಾಯ್ವುದು... ಬಂದವರ್ಗೆ ಮೊದಲ್ ಕುಡಿಯಲೀವುದು."

ಸುಗಲಾಬಾಯಿ ಬೆರಗಾದಳು. "ಯಾರರ ಹೊರಗಿನವರು ಬಂದ್ರ ಅವರಿಗಿ ಮೊದಲ ನೀರು ಕೊಟ್ಟು ಆಮ್ಯಾಗ ನಮ್ಮ ಕೊಡ ತುಂಬತಿದ್ವಿ. ನಮ್ಮ ಆಯಿ ಮಾಡಿದ ಕಟ್ಟಳಿ ಅಂತ ತಿಳಕೊಂಡಿದ್ದೆರಿ ನಾ."

"ಅಕ್ಷರ ನೋಡಿದ್ರ ಆರುನೂರು ವರ್ಷದ ಕಟ್ಟಳಿ ಅದ ಇದು, ಬಾಯಿಯವರ," ಅಂದರು ಮಾಸ್ತರು.

ಕಲ್ಲಿನ ಮೇಲೆ ಕಾಗದ ಬಿಗಿಹಿಡಿದು ಇದ್ದಿಲು ತಿಕ್ಕಿದರು. ಕೊನೆಯ ಸಾಲು ಮೂಡುತ್ತಿದ್ದಂತೆ ಗುಡುಗಿತು. ಮಳೆ ಕೊಡದಿಂದ ಸುರಿದಂತೆ ಬಂತು. ನೀರಹಾದಿಯಲ್ಲಿ ಕೆಂಪು ನೀರು ಭೋರಿಡುತ್ತಿತ್ತು. ಇಳಿಯಲು ಉಳಿದದ್ದು ದಾರಿ ಕಡಿದುಹೋದಲ್ಲಿನ ಕೆಂಪು ಗೋಡೆಯೊಂದೇ. ಪೋಚಪ್ಪ ತನ್ನ ಡಬ್ಬಿಯಿಂದ ರೊಟ್ಟಿ ತೆಗೆದು ಹಂಚಿದ, ಕಾಗದ ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದ. ಸುಗಲಾಬಾಯಿ ಅದನ್ನು ಮಡಿಲಿಗೆ ಕಟ್ಟಿಕೊಂಡಳು.

"ಮೊದಲ ನಾ ಇಳೀತೀನಿ. ಹಗ್ಗ ಬಿಗಿ ಹಿಡಿ ತಮ್ಮಾ."

ನಡುವಿನಲ್ಲಿ ಕಾಲು ಜಾರಿತು. ಹಗ್ಗ ಸೊಂಟಕ್ಕೆ ಕಚ್ಚಿತು. ಅವಳು ತೂಗಾಡಿದಳು, ಕಣ್ಣಿಗೆ ಕೆಸರು ನೀರು.

"ಆಯೀ!"

"ಎಳೀಬ್ಯಾಡ!" ಅಂದಳು. ಕಣ್ಣು ಮುಚ್ಚಿ ಗೋಡೆಗೆ ಪಾದ ಸವರಿದಳು. ಕುರಿ ಕಾಯುವವರು ಕಾಲಿಡಲು ಕಡಿದ ಗುಳಿಗಳು ಇಲ್ಲೇ ಎಲ್ಲೋ ಇರಬೇಕು; ಮಣ್ಣು ಮೆತ್ತಿ ಮುಂಜಾನೆ ಕಂಡಿರಲಿಲ್ಲ. ಹೆಬ್ಬೆರಳಿಗೆ ಒಂದು ಸಿಕ್ಕಿತು. ಅದರ ಕೆಳಗೆ ಇನ್ನೊಂದು. ಒಂದೊಂದೇ ಗುಳಿ ಹಿಡಿದು ನೆಲ ಮುಟ್ಟಿದಳು. ಮೇಲಿನವರಿಗೂ ಕೂಗಿ ಕೂಗಿ ಹೇಳಿ ಇಳಿಸಿಕೊಂಡಳು: "ಬಲಕ್ಕ... ಇನ್ನೂ ಕೆಳಗ... ಹಾಂ, ಅಲ್ಲೇ!"

ಗುಡ್ಡದ ಬುಡದ ದನದ ಕೊಟ್ಟಿಗೆಯಲ್ಲಿ ರಾತ್ರಿ ಕಳೆದು ಶುಕ್ರವಾರ ಮುಂಜಾನೆ ಚಾವಡಿ ಸೇರಿದಾಗ ಮೂವರೂ ತಲೆಯಿಂದ ಕಾಲಿನವರೆಗೆ ಕೆಂಪು. ಕಾಗದ ಮಾತ್ರ ನೆನೆದಿರಲಿಲ್ಲ. ಸಾಹೇಬರು ಅದನ್ನು ಮೇಜಿನ ಮೇಲೆ ಹರವಿ, ಮಾಸ್ತರರಿಂದ ಓದಿಸಿ, ಅರ್ಥ ಕೇಳಿದರು. ನಕ್ಷೆ ಹತ್ತಿರ ಎಳೆದುಕೊಂಡು ಲೇಖನಿ ಎತ್ತಿಕೊಂಡರು. ಗುಡ್ಡದ ಮೇಲೆ ಉರ್ದುವಿನಲ್ಲಿ ಊರ ಹೆಸರು ಮೂಡಿತು.

"ಕಿತ್ನೇ ಘರ್... ಎಷ್ಟು ಮನಿ ಇದ್ದವು ಅಮ್ಮಾ? ಮನಿ ಲೆಕ್ಕದ ಖಾನೆ ಖಾಲಿ ಅದ."

ಅವಳು ಎಣಿಸಿಯೇ ಇರಲಿಲ್ಲ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. "ಬರ್ಕೋರಿ. ಕಟ್ಟಿ ಹಂತ್ಯಾಕ ಅಮೋಘಸಿದ್ದನ ಮನಿ. ಅದರ ಬಾಜೂಕ ಶಂಕ್ರೆಪ್ಪಂದು, ಎರಡು ಎಮ್ಮಿ ಇದ್ದವು. ಓಣಿ ತಿರುಗಿದ್ರ ಬಾಲಮಣಿದು, ಹಾಡೂದು ಭಾಳ ಛಂದ..."

ಸಾಹೇಬರು ಮನೆಗೊಂದು ಗೆರೆ ಎಳೆಯುತ್ತ ಹೋದರು. ಅವಳು ಅವಸರಪಡದೆ ಒಂದೊಂದು ಬಾಗಿಲ ಮುಂದೆ ನಿಲ್ಲುತ್ತ, ಒಳಗಿನವರನ್ನು ಮಾತಾಡಿಸುತ್ತ ನಡೆದಳು. ನಲವತ್ತೊಂದು ಗೆರೆಯಾದಾಗ ಅವಳ ದನಿ ಸಣ್ಣದಾಯಿತು.

"ಮತ್ತ ಇದು," ಅಂದಳು, "ನಮ್ಮ ಮನಿರಿ."