ಮೂರನೆಯ ಹಾಳೆ

ಗೆಳೆಯ ನಾಲ್ಕೂ ಸ್ಕ್ರೂ ಬಿಚ್ಚಿ, ನನ್ನ ಕಂಪ್ಯೂಟರಿನ ಪ್ರೊಸೆಸರನ್ನು ತಣಿಸುವ ಕೂಲರನ್ನು ಎತ್ತಿ ತಿರುಗಿಸಿದ. ಕೂರಿಸುವ ಮೊದಲೇ ಕಿತ್ತು ಬಿಸಾಡಬೇಕಾದ ಪ್ಲಾಸ್ಟಿಕ್ ಹಾಳೆ ಅದರ ತಳಕ್ಕೆ ಅಂಟಿಕೊಂಡೇ ಇತ್ತು.

"ನಿನ್ನೆ ಕಿತ್ತೆ ಅಂದ್ಯಲ್ಲೋ?" ಎಂದೆ.

"ಕಿತ್ತಿದ್ದೆ ಕಣೋ, ನನ್ನಾಣೆ."

ನಾನು ನಂಬಲಿಲ್ಲ. ನಿನ್ನೆ ಇವನು ಹೊಸ ಕೂಲರ್ ಕೂರಿಸಿದಾಗಿನಿಂದ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ಆರಿಹೋಗುತ್ತಿತ್ತು. ಸಂಜೆಯೊಳಗೆ ಪುಸ್ತಕದ ಪುಟಗಳು ಪ್ರೆಸ್ಸಿಗೆ ಹೋಗದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅದೇ ಕೆಲಸಕ್ಕೆ ಇವನೂ ಗುಟ್ಟಾಗಿ ಅರ್ಜಿ ಹಾಕಿದ್ದು ನನಗೆ ಅಂದು ಬೆಳಿಗ್ಗೆಯಷ್ಟೇ ತಿಳಿದಿತ್ತು.

ಅವನು ಹಾಳೆ ಕಿತ್ತು, ಪಕ್ಕದಲ್ಲೇ ನಿಂತಿದ್ದ ನನ್ನ ಅಕ್ಕನ ಕೈಗೆ ಕೊಟ್ಟ. ಶಾಖ ದಾಟಿಸುವ ಪೇಸ್ಟ್ ಹಚ್ಚಿ ಕೂಲರ್ ಬಿಗಿದ. ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಬಿಚ್ಚಿ ನೋಡಿದರೆ ಪ್ರೊಸೆಸರ್ ಬೆರಳು ಸುಡುವಷ್ಟು ಕಾದಿತ್ತು, ಕೂಲರಿನ ಲೋಹ ಮಾತ್ರ ಬಾವಿಯಿಂದ ಎತ್ತಿದ ಕಲ್ಲಿನಂತೆ ತಣ್ಣಗಿತ್ತು. ತಳದಲ್ಲಿ ಮತ್ತೆ ಹಾಳೆ.

"ಕೈಚಳಕ ಚೆನ್ನಾಗಿದೆಯಪ್ಪಾ," ಎಂದೆ.

"ಸುಮ್ನಿರೋ," ಎಂದಳು ಅಕ್ಕ. "ನಾನು ನೋಡ್ತಾನೇ ಇದ್ದೆ. ಅವನು ಏನೂ ಅಂಟಿಸಲಿಲ್ಲ."

ಆ ಹಾಳೆಯನ್ನು ನಾನೇ ಕಿತ್ತು ಅಕ್ಕನಿಗೆ ಕೊಟ್ಟೆ, ಕೂಲರನ್ನು ನಾನೇ ಕೂರಿಸಿದೆ. ಅವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಮಧ್ಯಾಹ್ನ ಮೂರು ಗಂಟೆ, ಕಿಟಕಿ ತುಂಬ ಬಿಸಿಲು. ಪರದೆ ಮತ್ತೆ ಕಪ್ಪಾಯಿತು. ಬಿಚ್ಚಿದೆ.

ಅಕ್ಕ ಮುಷ್ಟಿ ತೆರೆದಳು. ಹಳೆಯ ಎರಡೂ ಹಾಳೆ ಅಲ್ಲೇ ಇದ್ದವು. ಮೂರನೆಯದು ನನ್ನ ಕೈಯಲ್ಲಿದ್ದ ಕೂಲರಿನ ತಳದಲ್ಲಿತ್ತು, ಒಂದು ಗುಳ್ಳೆಯೂ ಇಲ್ಲದಂತೆ, ಅಚ್ಚುಕಟ್ಟಾಗಿ.

ನಾನು ಸ್ಕ್ರೂಡ್ರೈವರನ್ನು ಅವನತ್ತ ಚಾಚಿದೆ. "ತಪ್ಪಾಯ್ತು ಕಣೋ. ಇನ್ನೊಂದ್ಸಲ ನೀನೇ ನೋಡು."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಇಲ್ಲ. ನಾನು ಮುಟ್ಟಲ್ಲ."