ಮಿಕುಮಿ ರಸ್ತೆಯ ಮೇಜರ್

ಪಿಸ್ತೂಲಿನ ಬಾಯಿ ನನ್ನ ಮೂಗಿನ ಮುಂದೆ. ಕಾಲ ಕೆಳಗೆ ಸರ್ರನೆ ಓಡುವ ಡಾಂಬರು ರಸ್ತೆ!

ನಾನು ಮಿಲಿಟರಿ ಟ್ರಕ್ಕಿನ ಎಡಬಾಗಿಲಿಗೆ ಬಾವಲಿಯಂತೆ ಜೋತುಬಿದ್ದಿದ್ದೆ. ಒಳಗೆ ಸ್ಟೀರಿಂಗ್ ಹಿಡಿದವನು ಮೇಜರ್ ಕಿಸಾಂಗ... ಹಾಗಂತ ಅವನೇ ಹೇಳಿದ್ದು.

“ಧುಮುಕು ಅಕ್ಕಾ! ಸುಮ್ನೆ ಸಾಯ್ತೀಯ!”

“ಗಾಡಿ ನಿಲ್ಸಿ ಸಾರ್, ಇಳೀತೀನಿ!”

ನಾನು ಸಾರ್ಜೆಂಟ್ ತುಂಪೆ ಮ್ವಾಯ್ಕಾಂಬೊ. ತಾಂಜಾನಿಯಾದ ಮಿಲಿಟರಿ ಪೊಲೀಸ್. ಬೆಳಿಗ್ಗೆ ಈತ ಮೊರೊಗೊರೊದ ನಮ್ಮ ಡಿಪೋಗೆ ಬಂದಿದ್ದ. ಗರಿಗರಿ ಯೂನಿಫಾರ್ಮು! ಇಫಾಕಾರಾದ ನೆರೆ ಸಂತ್ರಸ್ತರಿಗೆ ಹೊರಟಿದ್ದ ಔಷಧದ ಟ್ರಕ್ಕನ್ನು ತಾನೇ ಒಯ್ಯುವೆನೆಂದ. ಎಲ್ಲರೂ ಅಟೆನ್ಷನ್! ಹೊರಡುವಾಗ ಗೇಟಿನ ಸಿಪಾಯಿಗೆ ತಾನೇ ಮೊದಲು ಸಲ್ಯೂಟ್ ಹೊಡೆದ.

ಮೇಜರ್... ಸಿಪಾಯಿಗೆ?

ಹಿಂದಿನಿಂದ ಹಾರಿ ಟ್ರಕ್ ಹತ್ತಿದೆ. ದಾರಿಯಲ್ಲಿ ಅವನು ಫೋನಿನಲ್ಲಿ ಯಾರಿಗೋ ನಗುತ್ತ ಹೇಳುವುದು ಕೇಳಿಸಿತು. “ಮಾಲು ಗಡಿ ದಾಟ್ಸೋದು ನನ್ ಜವಾಬ್ದಾರಿ ಕಣೋ!”

ಅಷ್ಟು ಸಾಕಾಯಿತು. ಪೆಟ್ಟಿಗೆಗಳ ಮೇಲೆ ತೆವಳಿ ಬಾಗಿಲಿಗೆ ಬಂದಿದ್ದೆ. ಆಗಲೇ ಈ ಪಿಸ್ತೂಲು!

ಥಟ್ಟನೆ ಬ್ರೇಕ್!

ರಸ್ತೆ ನಡುವೆ ಒಂಟಿ ಸಲಗ. ಮಿಕುಮಿ ಕಾಡೆಲ್ಲ ತನ್ನ ಅಪ್ಪನ ಆಸ್ತಿ ಎಂಬಂತೆ ನಿಂತಿತ್ತು. ಮೂರ್ಖ ಹಾರನ್ ಬಾರಿಸಿದ! ಅದು ಕಿವಿ ಅಗಲಿಸಿ ನುಗ್ಗಿ ಬಂತು. ಅವನ ಕೈಯಿಂದ ಪಿಸ್ತೂಲು ಜಾರಿತು. ಕಿಟಕಿಯಿಂದ ಒಳನುಗ್ಗಿ ಎತ್ತಿಕೊಂಡೆ.

“ಏನಾದ್ರೂ ಮಾಡಮ್ಮಾ!”

“ಆರ್ಡರ್ ಕೊಡಿ ಮೇಜರ್ ಸಾಹೇಬ್ರೇ!”

“ಮೇಜರ್ ಅಲ್ಲಮ್ಮಾ, ಟೈಲರ್! ಈ ಯೂನಿಫಾರ್ಮು ನಾನೇ ಹೊಲ್ಕೊಂಡಿದ್ದು!”

“ಹೊಲಿಗೆ ಚೆನ್ನಾಗಿದೆ. ಈಗ ಬಾಯಿ ಹೊಲ್ಕೋ!”

ಎಂಜಿನ್ ಆರಿಸಿದೆ. ಸಲಗ ಬಾನೆಟ್ಟಿನ ಬಳಿ ನಿಂತು ಮೂಸಿತು... ಕೊನೆಗೆ ಬೇಸರ ಬಂದಂತೆ ಹುಲ್ಲಿಗೆ ಇಳಿಯಿತು.

ಟೈಲರನಿಗೆ ಬೇಡಿ ತೊಡಿಸಿದೆ. ಹಿಂದಕ್ಕೆ ಡಿಪೋಗೋ, ಮುಂದಕ್ಕೋ? ಇಫಾಕಾರಾದಲ್ಲಿ ಮಕ್ಕಳು ವಾಂತಿಭೇದಿಯಿಂದ ನರಳುತ್ತಿದ್ದವು. ಮುಂದಕ್ಕೇ ಹೊಡೆದೆ!

ಸಂತ್ರಸ್ತರ ಶಿಬಿರವಾಗಿದ್ದ ಶಾಲೆಯ ಸುತ್ತ ಮೊಣಕಾಲುದ್ದ ಕೆಸರು. ಪೆಟ್ಟಿಗೆ ಇಳಿಸಲು ಜನವಿಲ್ಲ. ಅವನ ಬೇಡಿ ಬಿಚ್ಚಿದೆ.

“ಹೊರು!”

ಹೊತ್ತ. ಬೆವರಿಳಿಸಿ ಹೊತ್ತ! ಅಜ್ಜಿಯೊಬ್ಬಳು ಅವನ ತಲೆ ಸವರಿದಳು. “ದೇವ್ರು ಒಳ್ಳೇದ್ ಮಾಡ್ಲಿ ಮಗಾ... ಇಂಥ ಸೇನೆ ಇರುವಾಗ ನಮಗೇನು ಭಯ?”

ಕಳ್ಳನ ಕಣ್ಣು ತುಂಬಿತು. ನಾನು ಕಂಡೂ ಕಾಣದಂತೆ ಟೈರು ನೋಡುತ್ತ ನಿಂತೆ.

ಮರುದಿನ ಡಿಪೋಗೆ ಮರಳಿ ಅವನನ್ನು ಒಪ್ಪಿಸಿದೆ. ನಮ್ಮ ಕರ್ನಲ್ ಹುಬ್ಬೇರಿಸಿದರು. “ಅವನು ನಕಲಿ ಅಂತ ಗ್ಯಾರಂಟಿ ಏನು, ಸಾರ್ಜೆಂಟ್?”

“ಪೆಟ್ಟಿಗೆ ತಾನೇ ಹೊತ್ತ ಸಾರ್. ಅಸಲಿ ಮೇಜರ್ ಹೊತ್ತಿದ್ದು ನಾನಂತೂ ಕಂಡಿಲ್ಲ!”