ಹಿಂದಕ್ಕೆ ತಳ್ಳಿದ ದನಿ

"ನನ್ನ ಮಿಕ್ಸ್ ಮೇಲೆ ಕೈಯಿಡೋಕೆ ನೀವ್ಯಾರ್ರೀ?"

ಮೊದಲ ದಿನವೇ ಅವಳು ಸಿಡಿದಿದ್ದಳು. ಸುತ್ತಲೂ, ತಲೆಯ ಮೇಲೂ ಸ್ಪೀಕರುಗಳಿದ್ದ ಆ ಸ್ಟುಡಿಯೋದಲ್ಲಿ ಪ್ರತಿ ದನಿಗೂ ಜಾಗ ಗೊತ್ತುಮಾಡುವವಳು ಅವಳು. ಅವನೋ, ಎಲ್ಲ ದನಿಗಳೂ ಕೊನೆಗೆ ಬಂದು ಸೇರುವ ಮಾಸ್ಟರ್ ಬಸ್‌ನಲ್ಲಿ ಹಾಡನ್ನು ಹದಮಾಡಲು ಬಂದ ಹೊಸಬ.

"ಒಂಚೂರು ಹೊಂದಿಸ್ತೀನಿ ಮೇಡಂ, ಅಷ್ಟೇ..." ಎನ್ನುತ್ತಾ ದನಿಯ ಏರಿಳಿತ ಸಮಮಾಡುವ ಕಂಪ್ರೆಸರ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ್ದ.

ಬಿಡಿಬಿಡಿಯಾಗಿದ್ದ ಹಾಡು ಒಂದಾಗಿಬಿಟ್ಟಿತು! ಅವಳ ಕೋಪ ಕರಗಿತ್ತು. ಮನಸ್ಸೂ...

ಆದರೆ ಅವಳ ಅಕ್ಕ ಹಾಡಲು ಬಂದಾಗಿನಿಂದ ಎಲ್ಲ ಕೆಟ್ಟಿತು. ಗಾಜಿನಾಚೆಯ ಹಾಡುವ ಕೋಣೆಯಲ್ಲಿ ಅವನದೂ ಅಕ್ಕನದೂ ಪಿಸುಮಾತು. ಅಕ್ಕನಿಗೆ ಅವನೇ ಬಿಸಿನೀರು ಬಗ್ಗಿಸಿ ಕೊಡುತ್ತಿದ್ದ. ಇವಳು ಒಳಗೆ ಕಾಲಿಟ್ಟರೆ ಇಬ್ಬರೂ ಗಪ್‌ಚಿಪ್!

'ಚಿಕ್ಕಂದಿನಿಂದ ಎಲ್ಲರ ಕಣ್ಣೂ ಅಕ್ಕನ ಮೇಲೇ. ಇವನೂ ಅಷ್ಟೇನಾ?'

ಮುಗಿದ ಹಾಡನ್ನು ಕಂಪನಿಗೆ ಕಳಿಸಬೇಕಾದ ದಿನ. ಅವನು ಊಟಕ್ಕೆದ್ದ ಕೂಡಲೇ ಅವಳು ಅಕ್ಕನ ದನಿಯನ್ನು ನಡುವಿನ ಸ್ಪೀಕರ್‌ನಿಂದ ಎತ್ತಿ ಬೆನ್ನ ಹಿಂದಿನ ಸ್ಪೀಕರುಗಳಿಗೆ ತಳ್ಳಿದಳು.

ಇರಲಿ ಅಲ್ಲೇ!

ಅವನು ಬಂದು ಹಾಡು ಹಾಕಿದ. ದನಿಯ ಮಟ್ಟ ತೋರಿಸುವ ನಡುವಿನ ಮೀಟರ್ ತೆಪ್ಪಗೆ ಮಲಗಿತ್ತು. ಹಿಂದಿನದು ಕೆಂಪಿಗೇರಿತ್ತು. ಮಾಸ್ಟರ್ ಬಸ್‌ನ ಮಿತಿ ಮೀರಿದ ದನಿಯನ್ನು ತಡೆಯುವ ಲಿಮಿಟರ್ ಇಡೀ ಹಾಡನ್ನೇ ಅದುಮುತ್ತಿತ್ತು.

"ಇದು... ನೀವಾ?"

"ಹೌದು, ನಾನೇ! ನಿಮ್ಮ ಹಾಡುಗಾತಿ ಹಿಂದೇನೇ ಇರ್ಲಿ!"

ಅವನು ಹಾಡು ನಿಲ್ಲಿಸಿದ.

"ನಿಮ್ಮಕ್ಕನ ಗಂಟಲಲ್ಲಿ ಗಂಟಾಗಿದೆ. ಮುಂದಿನ ವಾರ ಆಪರೇಷನ್. ಆಮೇಲೆ ಈ ದನಿ ಇರುತ್ತೋ ಇಲ್ವೋ... 'ತಂಗಿಗೆ ಹೇಳ್ಬೇಡಿ, ಅವಳು ಅತ್ರೆ ನನ್ ಕೈಲಿ ಹಾಡೋಕಾಗಲ್ಲ' ಅಂದ್ರು."

ಅಯ್ಯೋ, ಏನು ಮಾಡಿಬಿಟ್ಟೆ!

ಅವಳು ಅಕ್ಕನ ದನಿಯನ್ನು ಮತ್ತೆ ಮುಂದೆ ತಂದಳು. ಅವನು ಲಿಮಿಟರ್ ಸಡಿಲಿಸಿದ. ದನಿ ಎದುರಿಗೇ ಬಂದು ನಿಂತಿತು. ಒಂದು ಸಾಲಲ್ಲಿ ಸಣ್ಣಗೆ ಒಡೆದಿತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ.

ಹಾಡು ಕಳಿಸಿದ ಮೇಲೆ ಅವಳು ಫೋನ್ ಮಾಡಿದಳು. "ಅಕ್ಕಾ..."

"ಹೇಳ್ಬಿಟ್ನಾ ಆ ಬಾಯಿಬಡುಕ? ಅಳ್ಬೇಡ್ವೇ ಪುಟ್ಟಿ. ಆಸ್ಪತ್ರೆಗೆ ನೀನೇ ಬರ್ಬೇಕು ನನ್ ಜೊತೆ."

ಫೋನಿಟ್ಟು ಅವಳು ಬಿಕ್ಕಿದಳು. "ನಿಮ್ಮ ಮೇಲಿನ ಆಸೆಗೆ ನಾನು ಅಕ್ಕನ್ನೇ..."

"ನನ್ನ ಮೇಲೆ ಆಸೆನಾ?"

"ಇನ್ನೇನು, ಗೋಡೆ ಮೇಲಾ!"

ಅವನು ನಕ್ಕುಬಿಟ್ಟ. "ನಿಮ್ಮಕ್ಕಂಗೆ ನನ್ನ ಮನಸ್ಸು ಎಂದೋ ಗೊತ್ತು. ಗೊತ್ತಿಲ್ದೇ ಇದ್ದಿದ್ದು ನಿಮಗೊಬ್ರಿಗೇ."

ಅವಳು ಕಣ್ಣೊರೆಸಿಕೊಂಡಳು. "ಹಾಗಾದ್ರೆ... ಇನ್ಮೇಲೆ ನಿಮ್ಮನ್ನ 'ನೀನು' ಅನ್ಲಾ?"

"ಇಷ್ಟು ದಿನ ಯಾರು ಬೇಡ ಅಂದಿದ್ರೇ, ಪೆದ್ದಿ?"